ಬಣ್ಣ ಆಮೇಲೆ, ಮೊದಲು ಬ್ರೇಕಿನ ಬೋಲ್ಟು ನೋಡಿ

ಸಂಪಾದಕರೇ, ನಮಸ್ಕಾರ.

ಹಳೇ ಬೈಕುಗಳನ್ನು ರಿಪೇರಿ ಮಾಡಿ ಮತ್ತೆ ರಸ್ತೆಗೆ ತರುತ್ತಿರುವ ಮಲೆನಾಡಿನ ಹುಡುಗರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಜಾವಾ, ಯೆಜ್ಡಿ, ಬುಲೆಟ್, ರಾಜದೂತ್ ಎಲ್ಲದರ ಫೋಟೋಗಳೂ ಚೆನ್ನಾಗಿದ್ದವು. ಆದರೆ ಇಡೀ ಪುಟದಲ್ಲಿ ಬಣ್ಣದ ಬಗ್ಗೆ ಇತ್ತು, ಕ್ರೋಮ್ ಬಗ್ಗೆ ಇತ್ತು, ಟ್ಯಾಂಕಿನ ಮೇಲೆ ಕೈಯಲ್ಲೇ ಎಳೆದ ಗೆರೆಯ ಬಗ್ಗೆ ಇತ್ತು, ಬ್ರೇಕಿನ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಅದರಲ್ಲೂ ಬ್ರೇಕಿಗೆ ಸರಿಯಾದ ಸಾಮಾನು ಮತ್ತು ಬೋಲ್ಟು ಹುಡುಕುವ ಕಷ್ಟದ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಕತ್ತರಿಸದೆ ಹಾಕಿದರೆ ಉಪಕಾರ.

ನನ್ನದು ಅಪ್ಪನ ಕಾಲದ ಜಾವಾ 250. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದ್ದು. ಅಲ್ಲಿ 1961ರಲ್ಲಿ ಗಾಡಿಗಳ ತಯಾರಿಕೆ ಶುರುವಾಯಿತು, 1973ರ ಹೊತ್ತಿಗೆ ಯೆಜ್ಡಿ ಅನ್ನುವ ಹೆಸರು ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಂದರೆ ಕಾರ್ಖಾನೆಯಿಂದ ಕೊನೆಗೆ ಹೊರಬಂದ ಯೆಜ್ಡಿಗೂ ಈಗ ಹತ್ತಿರ ಹತ್ತಿರ ಮೂವತ್ತು ವರ್ಷ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬಂದವು ನಿಜ. ಅವು ಬೇರೆಯೇ ಗಾಡಿ. ಫೋರ್ ಸ್ಟ್ರೋಕ್ ಎಂಜಿನ್, ಮುಂದೆ ಡಿಸ್ಕ್ ಬ್ರೇಕು. ಅವುಗಳ ಸಾಮಾನು ನಮ್ಮದಕ್ಕೆ ಹತ್ತುವುದಿಲ್ಲ. ಹಾಗಾಗಿ ಈಗ ನಮಗೆ ಸಿಗುವುದು ಎಲ್ಲೋ ಮೂಲೆಯಲ್ಲಿ ಉಳಿದ ಹಳೇ ಸ್ಟಾಕು, ಇಲ್ಲವೇ ಯಾರೋ ನೋಡಿಕೊಂಡು ಮಾಡಿದ ನಕಲು, ಅದೂ ಇಲ್ಲದಿದ್ದರೆ ಗುಜರಿಯಿಂದ ಬಂದದ್ದು. ಕವರಿನ ಮೇಲೆ ಬರೆದದ್ದು ನೋಡಿ ಯಾವುದು ಯಾವುದು ಅಂತ ಹೇಳಲು ಆಗುವುದಿಲ್ಲ.

ಬ್ರೇಕು ನಮ್ಮ ಕಡೆ ಯಾಕೆ ಇಷ್ಟು ದೊಡ್ಡ ವಿಷಯ ಅಂತ ಬಯಲುಸೀಮೆಯವರು ಕೇಳಬಹುದು. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್. ಗಿರಿಯಿಂದ ಅದರ ಬುಡದ ಕೈಮರಕ್ಕೆ ಬರುವಷ್ಟರಲ್ಲಿ ಆ ಎತ್ತರದ ಬಹುಪಾಲನ್ನು ತಿರುವುಗಳಲ್ಲೇ ಇಳಿದಿರುತ್ತೇವೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದರೂ ಅಷ್ಟೇ, ಸಕಲೇಶಪುರದಿಂದ ಶಿರಾಡಿ ಇಳಿದರೂ ಅಷ್ಟೇ. ಬುಲೆಟ್‌ನವರಿಗೆ ಒಂದು ಅನುಕೂಲ ಇದೆ, ಗೇರ್ ಇಳಿಸಿದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಟೂ ಸ್ಟ್ರೋಕ್ ಜಾವಾದಲ್ಲಿ ಆ ಹಿಡಿತ ಕಮ್ಮಿ. ಅದೂ ಅಲ್ಲದೆ ಇದರ ಎಂಜಿನ್ನಿಗೆ ಎಣ್ಣೆ ಹೋಗುವುದೇ ಪೆಟ್ರೋಲಿನ ಜೊತೆ ಬೆರೆತು. ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಉದ್ದಕ್ಕೂ ಗೇರಿನಲ್ಲೇ ಇಳಿಸಿದರೆ ಪಿಸ್ಟನ್ನಿಗೆ ಎಣ್ಣೆ ಸಾಲುವುದಿಲ್ಲ. ಕೊನೆಗೆ ಭಾರ ಎಲ್ಲಾ ಬೀಳುವುದು ಎರಡು ಡ್ರಮ್ಮುಗಳ ಮೇಲೆ. ಡ್ರಮ್ ಅಂದರೆ ಚಕ್ರದ ನಡುವಿನ ಡಬ್ಬಿಯಂಥ ಭಾಗ. ಬ್ರೇಕ್ ಹಿಡಿದಾಗ ಅದರೊಳಗಿನ ಶೂ ಅನ್ನುವ ಬಾಗಿದ ತುಂಡುಗಳು ಅಗಲಿ, ತಮ್ಮ ಮೇಲೆ ಕೂರಿಸಿದ ಲೈನರ್ ಪಟ್ಟಿಯನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತವೆ. ಡ್ರಮ್ ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಶೂನಿಂದ ದೂರ ಸರಿಯುತ್ತದೆ, ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಎಳೆದರೂ ಗಾಡಿ ನಿಲ್ಲುವುದಿಲ್ಲ. ಲೈನರ್ ಕಳಪೆಯಾಗಿದ್ದರೆ ಕಾವಿಗೆ ಅದರ ಹಿಡಿತವೂ ಬಿಟ್ಟುಹೋಗುತ್ತದೆ.

ಇನ್ನೊಂದು ಮಾತು. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ. ಕಾರುಗಳಲ್ಲಿ ಅದು ಮೊದಲೇ ಬಂದಿತ್ತು. ಅಪ್ಪ ಗಾಡಿ ಓಡಿಸುತ್ತಿದ್ದ ಕಾಲದಲ್ಲಿ ಮುಂದೆ ಹೋಗುವ ಅಂಬಾಸಿಡರ್ ಕೂಡ ನಿಧಾನಕ್ಕೇ ನಿಲ್ಲುತ್ತಿತ್ತು. ಈಗ ಮುಂದಿನ ಕಾರು ಗಕ್ಕನೆ ನಿಲ್ಲುತ್ತದೆ, ಹಿಂದೆ ನಾವು ಡ್ರಮ್ ಬ್ರೇಕಿನವರು. ಹಳೇ ಬ್ರೇಕು ಹೊಸದಾಗಿದ್ದಾಗ ಎಷ್ಟು ಹಿಡಿಯುತ್ತಿತ್ತೋ ಕನಿಷ್ಠ ಅಷ್ಟಾದರೂ ಹಿಡಿಯಬೇಕಲ್ವಾ?

ಈಗ ಸಾಮಾನಿನ ವಿಷಯಕ್ಕೆ ಬರುತ್ತೇನೆ. ನಾನು ಆನ್‌ಲೈನ್ ಅಂಗಡಿಯೊಂದರಿಂದ ಬ್ರೇಕ್ ಶೂ ತರಿಸಿದೆ. ಕವರಿನ ಮೇಲೆ ಜಾವಾ ಯೆಜ್ಡಿ ಎಲ್ಲದಕ್ಕೂ ಹೊಂದುತ್ತದೆ ಅಂತ ಇತ್ತು. ಹಳೇ ಶೂ ಪಕ್ಕ ಇಟ್ಟು ನೋಡಿದರೆ ಅಗಲ ಸರಿ, ಉದ್ದವೂ ಸರಿ. ಆದರೆ ಶೂನ ಒಂದು ತುದಿಯಲ್ಲಿ ಪಿನ್ ಮೇಲೆ ಕೂರುವ ಅರ್ಧಚಂದ್ರದ ಜಾಗ ಹಳೆಯದಕ್ಕಿಂತ ಸಡಿಲ. ಫೋನ್ ಮಾಡಿದರೆ ಅಂಗಡಿಯವರು, "ಎಲ್ಲಾ ಒಂದೇ ಸಾರ್, ಹಾಕಿ ಓಡಿಸಿ, ಉಜ್ಜಿ ಉಜ್ಜಿ ತಾನೇ ಕೂತ್ಕೊಳ್ಳುತ್ತೆ" ಅಂದರು. ತಾನೇ ಕೂರುವುದಿಲ್ಲ. ಆ ಜಾಗದಲ್ಲಿ ಸಡಿಲ ಇದ್ದರೆ ಬ್ರೇಕ್ ಹಿಡಿದಾಗ ಶೂ ಮೊದಲು ಜಾರಿ ಆಮೇಲೆ ಕಚ್ಚುತ್ತದೆ. ಒಮ್ಮೆ ಕಿರ್ ಅನ್ನುತ್ತದೆ, ಒಮ್ಮೆ ಗಬಕ್ಕನೆ ಹಿಡಿಯುತ್ತದೆ. ಮಳೆಯಲ್ಲಿ, ಜಾರು ತಿರುವಿನಲ್ಲಿ ಮುಂದಿನ ಚಕ್ರ ಹಾಗೆ ಹಿಡಿದರೆ ಏನಾಗುತ್ತದೆ ಅಂತ ಬೈಕ್ ಓಡಿಸುವವರಿಗೆ ಹೇಳಬೇಕಾಗಿಲ್ಲ.

ಶೂ ಸರಿಯಾಗಿ ಕೂತಿದೆಯಾ ಅಂತ ನೋಡಲು ದುಬಾರಿ ಯಂತ್ರ ಬೇಡ. ಲೈನರ್ ಮೇಲೆ ಸೀಮೆಸುಣ್ಣ ಉಜ್ಜಿ, ಚಕ್ರ ಕಟ್ಟಿ, ಕೈಯಲ್ಲಿ ತಿರುಗಿಸುತ್ತಾ ಬ್ರೇಕ್ ಮೆಲ್ಲಗೆ ಹಿಡಿಯಿರಿ. ಬಿಚ್ಚಿ ನೋಡಿದರೆ ಸುಣ್ಣ ಎಲ್ಲಿ ಅಳಿಸಿದೆಯೋ ಅಷ್ಟೇ ಜಾಗ ಡ್ರಮ್ಮಿಗೆ ತಾಗುತ್ತಿರುತ್ತದೆ. ನಾನು ತರಿಸಿದ ಆ ಶೂನಲ್ಲಿ ಅಳಿಸಿದ್ದು ಒಂದು ತುದಿಯಲ್ಲಿ ಮಾತ್ರ. ಉಳಿದದ್ದೆಲ್ಲ ಬೆಳ್ಳಗೇ ಇತ್ತು.

ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ದಾರಿ, ನಿಮ್ಮ ಗಾಡಿಯದ್ದೇ ಹಳೇ ಶೂ ಇದ್ದರೆ ಅದನ್ನು ಎಸೆಯದೆ ಅದಕ್ಕೇ ಹೊಸ ಲೈನರ್ ಹಾಕಿಸುವುದು. ಶೂ ಒಡೆದಿರಬಾರದು, ಶೂಗಳನ್ನು ಅಗಲಿಸುವ ಕ್ಯಾಮ್ ತಾಗುವ ತುದಿ ತಿಂದುಹೋಗಿರಬಾರದು, ಅಷ್ಟೇ. ಲೈನರನ್ನು ಶೂಗೆ ಹಿಡಿದಿಡುವ ರಿವಿಟ್ ಹಿತ್ತಾಳೆಯದ್ದೋ ತಾಮ್ರದ್ದೋ ಅಲ್ಯೂಮಿನಿಯಂನದ್ದೋ ಆಗಿರಲಿ, ಕಬ್ಬಿಣದ್ದು ಬೇಡ. ರಿವಿಟ್ ತಲೆ ಲೈನರ್ ಒಳಗೆ ಚೆನ್ನಾಗಿ ಇಳಿದಿರಬೇಕು, ಇಲ್ಲದಿದ್ದರೆ ಡ್ರಮ್ಮನ್ನೇ ಗೀರುತ್ತದೆ. ಮೈಸೂರಿನಲ್ಲಿ, ಬೆಂಗಳೂರಿನ ಜೆ.ಸಿ. ರೋಡ್ ಕಡೆ ಈ ಕೆಲಸ ಗೊತ್ತಿರುವವರು ಸಿಗುತ್ತಾರೆ. ಕೊಟ್ಟು ಬರುವಾಗ ಶೂ ಜೊತೆ ಡ್ರಮ್ಮಿನ ಅಳತೆಯನ್ನೂ ಕೊಡಿ. ಡ್ರಮ್ ಒಳಗೆ ಗೆರೆ ಬಿದ್ದು, ಲೇತ್ ಯಂತ್ರಕ್ಕೆ ಹಾಕಿಸಿ ಒಳಮೈ ಕೆತ್ತಿಸಿದ್ದರೆ ಅದು ಮೊದಲಿಗಿಂತ ದೊಡ್ಡದಾಗಿರುತ್ತದೆ, ಮೊದಲಿನ ದಪ್ಪದ ಲೈನರ್ ಸಾಲುವುದಿಲ್ಲ. ದಪ್ಪ ಲೈನರ್ ಹೊಡೆಸಿ ಡ್ರಮ್ಮಿನ ಬಾಗಿಗೆ ಸರಿಯಾಗಿ ಉಜ್ಜಿಸಬೇಕು.

ಲೇತ್ ಅಂದಾಗ ನೆನಪಾಯಿತು. ನಮ್ಮ ಕಡೆ ಬಹಳ ಜನ ಬರೀ ಹಬ್, ಅಂದರೆ ಡ್ರಮ್ ಇರುವ ಚಕ್ರದ ನಡುಭಾಗವನ್ನು ಲೇತ್‌ಗೆ ಕೊಟ್ಟು, ಆಮೇಲೆ ಅದಕ್ಕೆ ರಿಮ್ ಕಟ್ಟಿಸುತ್ತಾರೆ. ಅದು ತಿರುಗುಮುರುಗು. ಸ್ಪೋಕ್ ಬಿಗಿ ಮಾಡಿದಾಗ ಅದರ ಎಳೆತಕ್ಕೆ ಡ್ರಮ್ ಕೂದಲೆಳೆಯಷ್ಟು ಆಕಾರ ಕೆಡುತ್ತದೆ. ಮೊದಲು ಸ್ಪೋಕ್ ಕಟ್ಟಿ, ಚಕ್ರದ ಅಂಕು ತೆಗೆಸಿ, ಇಡೀ ಚಕ್ರವನ್ನೇ ಲೇತ್‌ಗೆ ಏರಿಸಿ ಡ್ರಮ್ ಸರಿಮಾಡಿಸಬೇಕು. ಜಾವಾದ 16 ಇಂಚಿನ ಚಕ್ರಕ್ಕೇ ಸ್ವಲ್ಪ ದೊಡ್ಡ ಲೇತ್ ಬೇಕು, ಬುಲೆಟ್‌ನ 19 ಇಂಚಿಗೆ ಇನ್ನೂ ದೊಡ್ಡದು. ಹಾಸನದ ಕಡೆ ದೊಡ್ಡ ಲೇತ್ ಇರುವವರನ್ನು ಕೇಳಿಕೊಂಡು ಹೋದರೆ ಕೆಲಸ ಆಗುತ್ತದೆ. ಇದಕ್ಕೆ ಸೋಮಾರಿತನ ಮಾಡಬೇಡಿ.

ಬೋಲ್ಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಪಾಯ ಜಾಸ್ತಿ ಇರುವುದು ಇಲ್ಲೇ ಮತ್ತು ಯಾರೂ ಗಮನ ಕೊಡದೇ ಇರುವುದೂ ಇಲ್ಲೇ.

ಜಾವಾ ಹುಟ್ಟಿದ್ದು ಜೆಕ್ ನಾಡಿನಲ್ಲಿ, ಅದರ ಬೋಲ್ಟುಗಳು ಮಿಲಿಮೀಟರ್ ಲೆಕ್ಕದವು. ಬುಲೆಟ್ ಇಂಗ್ಲೆಂಡಿನ ಮೂಲದ್ದು, 1955ರಲ್ಲಿ ಮದ್ರಾಸಿಗೆ ಬಂತು, ಹಳೇ ಬುಲೆಟ್‌ಗಳಲ್ಲಿ ಇಂಚಿನ ಬೋಲ್ಟುಗಳಿವೆ. ಇಂಚಿನದರಲ್ಲೂ ತ್ರೆಡ್, ಅಂದರೆ ಬೋಲ್ಟಿನ ಮೇಲಿನ ಸುರುಳಿ ಹಲ್ಲು, ಒಂದೇ ತರ ಇಲ್ಲ. ವಿಟ್‌ವರ್ತ್ ಇದೆ, ಬಿಎಸ್‌ಎಫ್ ಇದೆ, ಸೈಕಲ್ ತ್ರೆಡ್ ಅಂತ ಇನ್ನೊಂದಿದೆ. ಈಗ ನೋಡಿ, 5/16 ಇಂಚು ಅಂದರೆ 7.94 ಮಿ.ಮೀ. ಪಕ್ಕದಲ್ಲಿ 8 ಮಿ.ಮೀ. ಬೋಲ್ಟ್ ಇಟ್ಟರೆ ಕಣ್ಣಿಗೆ ಎರಡೂ ಒಂದೇ. ಆದರೆ 8 ಮಿ.ಮೀ. ಬೋಲ್ಟಿನಲ್ಲಿ ಒಂದು ತ್ರೆಡ್‌ನಿಂದ ಇನ್ನೊಂದಕ್ಕೆ 1.25 ಮಿ.ಮೀ., 5/16 ಬಿಎಸ್‌ಎಫ್‌ನಲ್ಲಿ ಇಂಚಿಗೆ 22 ತ್ರೆಡ್, ಅಂದರೆ ಸುಮಾರು 1.15 ಮಿ.ಮೀ. ಅದೇ 5/16 ಸೈಕಲ್ ತ್ರೆಡ್‌ನಲ್ಲಿ ಇಂಚಿಗೆ 26. ಹಲ್ಲಿನ ಕೋನವೂ ಬೇರೆ. ವಿಟ್‌ವರ್ತ್ ಮತ್ತು ಬಿಎಸ್‌ಎಫ್‌ನದ್ದು 55 ಡಿಗ್ರಿ, ಮಿಲಿಮೀಟರಿನದ್ದು 60 ಡಿಗ್ರಿ.

ಇವನ್ನು ಒಂದಕ್ಕೊಂದು ಹಾಕಿದರೆ ಏನಾಗುತ್ತದೆ? ನಟ್ಟು ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ. ತುಕ್ಕು ಇರಬೇಕು ಅಂದುಕೊಂಡು ಹುಡುಗ ಸ್ಪ್ಯಾನರಿಗೆ ಪೈಪ್ ಹಾಕಿ ತಿರುವುತ್ತಾನೆ. ತ್ರೆಡ್ ಕತ್ತರಿಸಿಕೊಂಡೇ ನಟ್ಟು ಒಳಗೆ ಹೋಗುತ್ತದೆ, ಕೈಗೆ ಮಾತ್ರ ಗಟ್ಟಿಯಾಗಿ ಕೂತಂತೆ ಅನ್ನಿಸುತ್ತದೆ. ಈ ಗಟ್ಟಿ ನಂಬಬಾರದ ಗಟ್ಟಿ. ಶೂಗಳು ಕೂತಿರುವ ಬ್ರೇಕ್ ಪ್ಲೇಟನ್ನು ತಿರುಗದಂತೆ ಹಿಡಿದಿಡುವ ಆಂಕರ್ ಬೋಲ್ಟಿಗೆ ಹೀಗೆ ಆಗಿದ್ದರೆ, ಒಂದು ದಿನ ಜೋರಾಗಿ ಬ್ರೇಕ್ ಹಿಡಿದಾಗ ನಟ್ಟು ತ್ರೆಡ್ ಸಮೇತ ಕಿತ್ತುಬರುತ್ತದೆ. ಆಗ ಬ್ರೇಕ್ ಪ್ಲೇಟೇ ಚಕ್ರದ ಜೊತೆ ತಿರುಗುತ್ತದೆ. ರಾಡನ್ನೋ ಕೇಬಲನ್ನೋ ಸುತ್ತಿಕೊಂಡು ಚಕ್ರ ಜಾಮ್ ಆಗುತ್ತದೆ, ಇಲ್ಲವೇ ಬ್ರೇಕೇ ಇಲ್ಲವಾಗುತ್ತದೆ. ಕೆಲವು ಗಾಡಿಯಲ್ಲಿ ಪ್ಲೇಟಿಗೆ ಉದ್ದ ಪಟ್ಟಿ ಇರುತ್ತದೆ, ಕೆಲವದರಲ್ಲಿ ಫೋರ್ಕಿನ ಅಥವಾ ಸ್ವಿಂಗ್ ಆರ್ಮಿನ ಮೇಲೆ ಗೂಟದಂಥದ್ದು ಇರುತ್ತದೆ. ಏನೇ ಇರಲಿ, ಬ್ರೇಕಿನ ಪೂರ್ತಿ ಹೊಡೆತ ತಿನ್ನುವುದು ಆ ಒಂದು ಜಾಗ.

ತ್ರೆಡ್ ಅಳೆಯಲು ಪಿಚ್ ಗೇಜ್ ಅಂತ ಸಿಗುತ್ತದೆ, ಬಾಚಣಿಗೆ ಹಲ್ಲಿನ ತರದ ತಗಡುಗಳ ಗೊಂಚಲು. ದೊಡ್ಡ ಬೆಲೆ ಏನಲ್ಲ. ಹಳೇ ಗಾಡಿ ಮುಟ್ಟುವ ಪ್ರತಿ ಗ್ಯಾರೇಜಿನಲ್ಲೂ ಮಿಲಿಮೀಟರಿನದ್ದೊಂದು, ಇಂಚಿನದ್ದೊಂದು ಇರಲೇಬೇಕು. ಅದಿಲ್ಲದಿದ್ದರೆ ಗೊತ್ತಿರುವ ಬೋಲ್ಟೊಂದನ್ನು ತೆಗೆದುಕೊಂಡು ಎರಡರ ತ್ರೆಡ್‌ಗಳನ್ನು ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಬೇರೆ ತ್ರೆಡ್ ಅಂತ ಲೆಕ್ಕ. ಸಾದಾ ನಟ್ಟು ಯಾವತ್ತೂ ಬೆರಳಲ್ಲೇ ಕೊನೆಯವರೆಗೆ ಹೋಗಬೇಕು. ಬೆರಳಲ್ಲಿ ಹೋಗದಿದ್ದರೆ ಸ್ಪ್ಯಾನರ್ ಕೆಳಗಿಟ್ಟು, ತ್ರೆಡ್ ಒರೆಸಿ, ಅಳತೆ ನೋಡಿ.

ಎರಡನೆಯದು ಬೋಲ್ಟಿನ ಗಟ್ಟಿತನ. ಒಳ್ಳೆಯ ಮಿಲಿಮೀಟರ್ ಬೋಲ್ಟಿನ ತಲೆ ಮೇಲೆ 8.8 ಅಂತಲೋ 10.9 ಅಂತಲೋ ಇರುತ್ತದೆ, ಜೊತೆಗೆ ತಯಾರಿಸಿದವರ ಗುರುತು. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಅದು ತುಂಡಾಗುವ ಎಳೆತ ಮೆಗಾಪ್ಯಾಸ್ಕಲ್ ಲೆಕ್ಕದಲ್ಲಿ ಸಿಗುತ್ತದೆ. 8.8 ಅಂದರೆ 800, ಎರಡನೇ ಅಂಕಿ ಹೇಳುವಂತೆ ಅದರ ಹತ್ತರಲ್ಲಿ ಎಂಟು ಪಾಲು, ಅಂದರೆ 640ರ ತನಕ ಅದು ಹಿಗ್ಗಿ ಹಾಗೇ ಉಳಿಯುವುದಿಲ್ಲ, ಬಿಟ್ಟರೆ ವಾಪಸ್ ಬರುತ್ತದೆ. ಇದೇ ಅದರ ಹಿಗ್ಗುವ ಮಿತಿ. ಗೇಟು ಗ್ರಿಲ್ಲಿಗೆ ಹಾಕುವ ಸಾದಾ ಎಂ.ಎಸ್. (ಮೈಲ್ಡ್ ಸ್ಟೀಲ್, ಮೆತ್ತಗಿನ ಉಕ್ಕು) ಬೋಲ್ಟು ಹೆಚ್ಚಾಗಿ 4.6 ದರ್ಜೆಯದ್ದು, ಅಂದರೆ 400, ಅದರಲ್ಲಿ ಹಿಗ್ಗುವ ಮಿತಿ 240. ಎರಡಕ್ಕೂ ಎಷ್ಟು ದೂರ ನೋಡಿ. ಭಾರತದಲ್ಲಿ ಇದಕ್ಕೆ ಐಎಸ್ 1367 ಅಂತ ಮಾನಕವೇ ಇದೆ. ಆದರೂ ಹಾರ್ಡ್‌ವೇರ್ ಅಂಗಡಿಯ ಡಬ್ಬದಲ್ಲಿ ಎಲ್ಲಾ ಬೆರೆತಿರುತ್ತವೆ, ತೂಕಕ್ಕೆ ಕೊಡುತ್ತಾರೆ. "ಎಚ್.ಟಿ. ಬೋಲ್ಟು ಕೊಡಿ, ತಲೆ ಮೇಲೆ 8.8 ಇರಬೇಕು" ಅಂತ ಬಾಯಿಬಿಟ್ಟು ಕೇಳಿ. ಎಚ್.ಟಿ. ಅಂದರೆ ಹೈ ಟೆನ್ಸೈಲ್, ಜೋರು ಎಳೆತ ತಡೆಯುವಂಥದ್ದು. ಗುರುತಿಲ್ಲದ್ದನ್ನು ಬ್ರೇಕಿನ ಹತ್ತಿರ ತರಬೇಡಿ. ಅಂಗಡಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ ಅಂತ ಈಗ ಎಲ್ಲರೂ ಇಡೀ ಗಾಡಿಗೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಹಾಕಿಸುತ್ತಾರೆ. ನಮ್ಮ ಮಳೆಗೆ ಆಸೆ ಆಗುವುದು ಸಹಜ. ಮಡ್‌ಗಾರ್ಡಿಗೆ, ನಂಬರ್ ಪ್ಲೇಟಿಗೆ, ಟೂಲ್ ಬಾಕ್ಸಿಗೆ ಧಾರಾಳವಾಗಿ ಹಾಕಿ. ಬ್ರೇಕ್ ಆಂಕರಿಗೆ ಬೇಡ. ಮಾರುಕಟ್ಟೆಯಲ್ಲಿ ಸಿಗುವ ಎ2-70 ಸ್ಟೇನ್‌ಲೆಸ್ ಬೋಲ್ಟಿನ ಹಿಗ್ಗುವ ಮಿತಿ 450, ನಾವು ಆಗಲೇ ನೋಡಿದ 640ಕ್ಕೆ ಅದು ಸಮ ಅಲ್ಲ. ಮೇಲಿಂದ ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿಗೆ ಕಚ್ಚಿಕೊಂಡು ಅಂಟಿಹೋಗುವುದೂ ಉಂಟು. ಕ್ರೋಮ್ ಹಾಕಿಸುವುದರಲ್ಲೂ ಒಂದು ಅಪಾಯ ಇದೆ. 10.9, 12.9 ತರದ ಗಟ್ಟಿ ಬೋಲ್ಟನ್ನು ಕ್ರೋಮ್‌ಗೆ ಕೊಟ್ಟರೆ ಆ ಆಸಿಡ್ ಮತ್ತು ಪ್ಲೇಟಿಂಗ್ ಕೆಲಸದಲ್ಲಿ ಉಕ್ಕಿನೊಳಗೆ ಹೈಡ್ರೋಜನ್ ಸೇರಿಕೊಳ್ಳುತ್ತದೆ. ಪ್ಲೇಟಿಂಗ್ ಆದ ಕೂಡಲೇ ಗಂಟೆಗಟ್ಟಲೆ ಕಾಯಿಸಿ ಅದನ್ನು ಹೊರಹಾಕದಿದ್ದರೆ ಬೋಲ್ಟು ಪೆಡಸಾಗಿ, ಬಿಗಿ ಮಾಡಿಟ್ಟ ಎಷ್ಟೋ ಹೊತ್ತಿನ ಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ಟಕ್ಕನೆ ಮುರಿಯಬಹುದು. ಬೋಲ್ಟುಗಳನ್ನೆಲ್ಲ ಚೀಲದಲ್ಲಿ ತುಂಬಿ ಕ್ರೋಮ್ ಅಂಗಡಿಗೆ ಕಳಿಸುವ ಮೊದಲು ಬ್ರೇಕಿನವನ್ನು ದಯವಿಟ್ಟು ಬೇರೆ ಎತ್ತಿಡಿ.

ತಲೆಯ ಗುರುತು ಸರಿ ಇದ್ದರೂ ಇನ್ನೊಂದು ನೋಡಬೇಕು. ಆಂಕರ್ ಬೋಲ್ಟಿನಲ್ಲಿ ತಲೆಯ ಕೆಳಗೆ ತ್ರೆಡ್ ಇಲ್ಲದ ನುಣುಪು ಭಾಗ ಇರುತ್ತದೆ. ಪಟ್ಟಿಯ ತೂತಿನಲ್ಲಿ ಕೂರಬೇಕಾದದ್ದು ಆ ಭಾಗ. ಅದು ಸಿಗಲಿಲ್ಲ ಅಂತ ಪೂರ್ತಿ ತ್ರೆಡ್ ಇರುವ ಬೋಲ್ಟ್ ಹಾಕಿದರೆ ತ್ರೆಡ್‌ನ ಹಲ್ಲು ಅರದ ಹಾಗೆ ತೂತನ್ನು ಅಗಲ ಮಾಡುತ್ತದೆ, ಬೋಲ್ಟೂ ತ್ರೆಡ್ ಬುಡದಲ್ಲೇ ದುರ್ಬಲ. ಉದ್ದದ ಬೋಲ್ಟು ತಂದು, ನುಣುಪು ಭಾಗ ಬೇಕಾದಷ್ಟು ಇದೆಯಾ ಅಂತ ನೋಡಿ, ಜಾಸ್ತಿಯಾದ ತ್ರೆಡ್ ಕತ್ತರಿಸಿಕೊಳ್ಳಿ. ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ಇರುವ ಕಡೆ ಪ್ರತಿ ಸಲ ಹೊಸದೇ ಹಾಕಿ. ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ಟು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಬ್ರೇಕಿಗೆ ಬೇಡ. ಇದೆಲ್ಲ ಪುಡಿಗಾಸಿನ ಖರ್ಚು.

ಕ್ಯಾಮ್, ಸ್ಪ್ರಿಂಗು, ಕೇಬಲ್ ಬಗ್ಗೆ ಬರೆಯಲು ಹೋದರೆ ನಿಮ್ಮ ಪುಟ ಸಾಲುವುದಿಲ್ಲ. ಒಂದೇ ಮಾತು: ಬ್ರೇಕ್ ಪೂರ್ತಿ ಹಿಡಿದಾಗ ರಾಡಿಗೂ ಕ್ಯಾಮಿನ ಲಿವರಿಗೂ ನಡುವೆ ಹತ್ತಿರ ಹತ್ತಿರ 90 ಡಿಗ್ರಿ ಇರಬೇಕು. ಅದನ್ನು ದಾಟಿ ಹೋಗುತ್ತಿದ್ದರೆ ಲೈನರ್ ಸವೆದಿದೆ ಅಥವಾ ಡ್ರಮ್ ಅಗಲವಾಗಿದೆ ಅಂತ ಅರ್ಥ. ಅಡ್ಜಸ್ಟರ್ ತಿರುಗಿಸಿ ಮುಚ್ಚಿಹಾಕುವ ವಿಷಯ ಅಲ್ಲ ಅದು.

ಹಳೇ ಡ್ರಮ್ ಬಿಚ್ಚುವಾಗ ಒಳಗಿನ ಧೂಳನ್ನು ಊದಬೇಡಿ, ಕಂಪ್ರೆಸರ್ ಗಾಳಿ ಅಂತೂ ಹೊಡೆಯಲೇಬೇಡಿ. ಆ ಕಾಲದ ಲೈನರ್‌ಗಳಲ್ಲಿ ಆಸ್ಬೆಸ್ಟಸ್ ಇರುತ್ತಿತ್ತು. ಯಾವ ಬಗೆಯ ಆಸ್ಬೆಸ್ಟಸ್ ಆದರೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಹಾಕಿ. ಗ್ಯಾರೇಜಿನಲ್ಲಿ ಕೆಲಸ ಕಲಿಯಲು ಬಂದ ಚಿಕ್ಕ ಹುಡುಗರ ಕೈಗೇ ಈ ಕೆಲಸ ಬೀಳುವುದು, ಅದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ಇನ್ನು ಕಾನೂನು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ವಿಎ ಅಂತ ಬರುತ್ತದೆ, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತೋಟಕ್ಕೆ, ಪೇಟೆಗೆ ಅಂತ ಓಡಿಸುವ ನಮ್ಮಂಥವರು ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುತ್ತೇವೆ. ಯಾವುದೇ ಆಗಲಿ, ತಪಾಸಣೆಯಲ್ಲಿ ಚಾಸಿ ನಂಬರ್ ನೋಡುವಷ್ಟೇ ಶ್ರದ್ಧೆಯಿಂದ ಬ್ರೇಕನ್ನೂ ಓಡಿಸಿ ನೋಡಲಿ ಅಂತ ಆರ್‌ಟಿಒ ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ. ಮೂಲ ರೂಪ ಉಳಿಸುವುದು ಅಂದರೆ ಸವೆದ ಲೈನರನ್ನೂ ತಿಂದುಹೋದ ಬೋಲ್ಟನ್ನೂ ಉಳಿಸುವುದು ಅಂತ ಕೆಲವು ಗೆಳೆಯರು ವಾದ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಆ ಗಾಡಿ ಮಾಡಿದವರೂ ಒಪ್ಪುತ್ತಿರಲಿಲ್ಲ, ಲೈನರ್ ಬದಲಾಯಿಸಲಿ ಅಂತಲೇ ತಾನೇ ಬಿಚ್ಚುವ ಹಾಗೆ ಮಾಡಿದ್ದು.

ಜುಲೈ ಎರಡನೇ ಭಾನುವಾರ ಜಾವಾ ದಿನ. ನಮ್ಮಲ್ಲಿ ಆಗ ಮಳೆ ಜೋರು, ಡ್ರಮ್ಮಿಗೆ ನೀರು ಹೊಕ್ಕರೆ ಬ್ರೇಕು ಅರ್ಧಕ್ಕರ್ಧ. ಗುಂಪಾಗಿ ಹೊರಡುವವರು ಫೋಟೋ ತೆಗೆಯುವ ಮೊದಲು ಒಬ್ಬರ ಗಾಡಿಯ ಆಂಕರ್ ಬೋಲ್ಟನ್ನು ಇನ್ನೊಬ್ಬರು ನೋಡುವ ಪದ್ಧತಿ ಇಟ್ಟುಕೊಂಡರೆ ಎಷ್ಟು ಒಳ್ಳೆಯದು. ಚಿಕ್ಕಮಗಳೂರು, ಹಾಸನದ ಸರ್ಕಾರಿ ಐಟಿಐಗಳವರೂ ಮನಸ್ಸು ಮಾಡಬೇಕು. ಫಿಟ್ಟರ್ ಮಕ್ಕಳಿಗೆ ತ್ರೆಡ್ ಅಳೆಯುವುದು ಪಾಠದಲ್ಲೇ ಇದೆ. ನಮ್ಮ ಹಳೇ ಬೋಲ್ಟುಗಳನ್ನು ತಂದುಕೊಟ್ಟರೆ ಅಳೆದು, ಯಾವ ಜಾಗಕ್ಕೆ ಯಾವ ತ್ರೆಡ್, ಎಷ್ಟು ಉದ್ದ, ಯಾವ ದರ್ಜೆ ಅಂತ ಕನ್ನಡದಲ್ಲಿ ಒಂದು ಪಟ್ಟಿ ಮಾಡಬಹುದು. ಆ ಪಟ್ಟಿ ಗ್ಯಾರೇಜಿನ ಗೋಡೆ ಮೇಲೆ ಇದ್ದರೆ ಅಂದಾಜಿನ ಕೆಲಸ ನಿಲ್ಲುತ್ತದೆ.

ಕೊನೆಗೆ ತೋಟದ ಮಾಲೀಕರಲ್ಲಿ ಒಂದು ಮನವಿ. ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು, ಸಕಲೇಶಪುರ ಕಡೆಯ ಹಳೇ ತೋಟಗಳಲ್ಲಿ ತೋಟದ ಕೆಲಸ ನೋಡಿಕೊಳ್ಳುವ ರೈಟರುಗಳ ಓಡಾಟಕ್ಕೆ ಜಾವಾ, ಬುಲೆಟ್ ಇಟ್ಟಿದ್ದವರಿದ್ದಾರೆ. ಅಂಥ ಕಡೆ ಸ್ಟೋರ್ ರೂಮಿನ ಅಟ್ಟದಲ್ಲಿ ಬಿಚ್ಚದ ಶೂ, ಕೇಬಲ್, ಮೂಲ ಬೋಲ್ಟುಗಳ ಡಬ್ಬ, ಪಾರ್ಟ್ಸ್ ನಂಬರಿರುವ ಹಳೇ ಕೈಪಿಡಿ ಇನ್ನೂ ಬಿದ್ದಿರಬಹುದು. ಸ್ಟೋರ್ ಖಾಲಿ ಮಾಡುವಾಗ ಅವನ್ನು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಊರಿನ ಹಳೇ ಮೆಕ್ಯಾನಿಕ್ ಒಬ್ಬರನ್ನು ಕರೆದು ತೋರಿಸಿ. ಗಾಡಿ ನಿಮ್ಮಲ್ಲಿ ಇಲ್ಲದಿದ್ದರೂ ಆ ಸಾಮಾನು ಬೇಕಾದವರು ಈ ಜಿಲ್ಲೆಯಲ್ಲೇ ಇದ್ದೇವೆ, ಬೆಲೆ ಕೊಟ್ಟೇ ತೆಗೆದುಕೊಳ್ಳುತ್ತೇವೆ. ಕೈಪಿಡಿ ಕೊಡಲು ಇಷ್ಟ ಇಲ್ಲದಿದ್ದರೆ ಬ್ರೇಕಿನ ಪುಟಗಳ ಜೆರಾಕ್ಸ್ ಕೊಟ್ಟರೂ ಸಾಕು.

ಇಂತಿ,
ನಿಮ್ಮ ಓದುಗ,
ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ